ಒಂದೇ ಸಮ ಬೆಂದ ಬೇಳೆ

ನನ್ನಂಥ ಬುದ್ಧಿವಂತ ಕಾರ್ಯದರ್ಶಿ ನಮ್ಮ ಸಂಘಕ್ಕೆ ಅದುವರೆಗೆ ಸಿಕ್ಕಿರಲಿಲ್ಲ. ಹೀಗೆಂದು ತೀರ್ಮಾನಿಸಿದವನು ನಾನೇ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿಬೇಳೆ ಮಾರುವ ನಾವೆಲ್ಲ ಸೇರಿ ಕಟ್ಟಿಕೊಂಡ ಪುಟ್ಟ ಸಂಘ ಅದು. ವರ್ಷಕ್ಕೊಮ್ಮೆ ಊಟ ಹಾಕಿಸುವುದು ಬಿಟ್ಟರೆ ಬೇರೆ ಯಾವ ಘನಕಾರ್ಯವನ್ನೂ ಮಾಡಿದ್ದಿಲ್ಲ. ಊಟದ ವ್ಯವಸ್ಥೆ ಮಾಡುವುದು, ಆಮೇಲೆ ಮೈಕಿನಲ್ಲಿ ಆ ಊಟದ ಇತಿಹಾಸ ಹೇಳುವುದು, ಎರಡೂ ಕಾರ್ಯದರ್ಶಿಯ ಪಾಲಿಗೆ.

ಇತಿಹಾಸ ಸಣ್ಣದು. ಮೊದಲ ವರ್ಷ ಊಟಕ್ಕೆ ಬೇಳೆ ಬಂದದ್ದು ಒಂದೇ ಅಂಗಡಿಯಿಂದ. ಅದನ್ನು ಉಂಡು ಚಲೋ ಇದೆ ಎಂದರೆ ಅವನ ಮಾಲೇ ಗಂಜಿಗೆಲ್ಲ ಮೇಲು ಎಂದು ಒಪ್ಪಿಕೊಂಡಂತಾಯಿತಲ್ಲ! ಉಳಿದವರೆಲ್ಲ ತಾಟಿನ ಮುಂದೆ ಕೈಕಟ್ಟಿ ಕೂತರಂತೆ. ಆಗ ಈಗಿನ ಅಧ್ಯಕ್ಷ ಶಂಕ್ರೆಪ್ಪ ಕಾಕಾ ಅವರ ತಂದೆ ಪ್ರತಿ ಅಂಗಡಿಯಿಂದ ಒಂದಿಷ್ಟು ಬೇಳೆ ತರಿಸಿ, ತಮ್ಮ ಮನೆಯ ಹಂಡೆಗೆ ಸುರಿದು ಕುದಿಸಿದರು. ಎಲ್ಲರೂ ಉಂಡರು. ಅಂದಿನಿಂದ ಅದೇ ಹಂಡೆ, ಅದೇ ರಿವಾಜು. ವರ್ಷವಿಡೀ ಗಿರಾಕಿಗಾಗಿ ಕಚ್ಚಾಡುವ ನಾವು ಒಂದೇ ಸಾಲಿನಲ್ಲಿ ಕೂಡುವುದು ಆ ಒಂದು ಸಂಜೆ ಮಾತ್ರ.

ಆದರೆ ಆ ಬೇಳೆ! ಹಳೆಯದು, ಹೊಸದು, ಔರಾದ ಕಡೆಯದು, ಕಮಠಾಣದ್ದು ಎಲ್ಲ ಒಟ್ಟಿಗೆ ಬಿದ್ದರೆ ಅರ್ಧ ಕರಗಿ ನೀರಾಗುತ್ತದೆ, ಅರ್ಧ ಹಲ್ಲಿಗೆ ಕಟಕ್ ಎನ್ನುತ್ತದೆ. ಬೇಳೆ ವ್ಯಾಪಾರಿಗಳ ಊಟದಲ್ಲೇ ಬೇಯದ ಬೇಳೆ! ಸುಧಾರಣೆ ತರಲು ನಾನು ಟೊಂಕ ಕಟ್ಟಿದೆ. ಭಾಲ್ಕಿಯಲ್ಲಿ ನನ್ನ ಮಾವನವರ ದಾಲ್ ಮಿಲ್ ಇದೆ. ಗುಟ್ಟಾಗಿ ಹೋಗಿ ಒಂದು ಚೀಲ ಒಳ್ಳೆಯ ಬೇಳೆ ತಂದೆ. ಅಂಗಡಿಗಳಿಂದ ಕೂಡಿಸಿದ ಬೇಳೆಯ ಚೀಲವನ್ನು ಮನೆಯ ಮಂಚದ ಕೆಳಗೆ ದೂಡಿದೆ.

ಹೆಂಡತಿ ಸುವರ್ಣಾ ನೋಡಿಬಿಟ್ಟಳು. "ಅದು ಬರೇ ಬ್ಯಾಳಿ ಅಲ್ರೀ. ಎಲ್ಲಾರ ಮರ್ಯಾದಿ ಅದರಾಗ ಅದ" ಎಂದಳು.

ತವರಿನ ಬೇಳೆಗೆ ನೀನೇ ಅಡ್ಡ ಬರುತ್ತೀಯಲ್ಲ ಎಂದು ನಾನು ನಕ್ಕೆ. ಅವಳು ಸುಮ್ಮನಾದಳು. ಅವಳು ಸುಮ್ಮನಾದಾಗ ಹೆದರಬೇಕೆಂಬುದು ಇಷ್ಟು ವರ್ಷ ಸಂಸಾರ ಮಾಡಿದರೂ ನನ್ನ ತಲೆಗೆ ಹತ್ತಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಬಚಾವಾಗುತ್ತಿದ್ದೆನೇನೋ. ಅಳಿಯ ಮೈಕ್ ಹಿಡಿಯುವುದನ್ನು ಮಾವ ನೋಡದಿದ್ದರೆ ಹೇಗೆ? ಅವರನ್ನೂ ಊಟಕ್ಕೆ ಕರೆದೆ. ಬೇಳೆಯ ವಿಷಯ ಗುಟ್ಟು ಎಂದು ಹೇಳುವುದನ್ನು ಮಾತ್ರ ಮರೆತೆ.

ಊಟದ ಸಂಜೆ ರೊಟ್ಟಿ, ಅನ್ನ, ಬೇಳೆ ಬಡಿಸುತ್ತಿದ್ದರು. ನಾನು ಕಂಠ ಸರಿಮಾಡಿಕೊಂಡು, ಎಲ್ಲ ಅಂಗಡಿಗಳ ಬೇಳೆ ಒಂದೇ ಹಂಡೆಯಲ್ಲಿ ಬೆಂದು ನಮ್ಮನ್ನು ಒಂದು ಮಾಡಿದ ಪುಣ್ಯಕಥೆಯನ್ನು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಕಣ್ಣೇ ತೇವವಾಯಿತು. ಅಷ್ಟರಲ್ಲಿ ಕಾಕಾ ತಾಟಿನಿಂದ ಒಂದಿಷ್ಟು ಬೇಳೆ ತೆಗೆದು ಬೆರಳಲ್ಲಿ ಹಿಸುಕಿ ನೋಡಿದರು.

"ತಮ್ಮಾ, ಬ್ಯಾಳಿ ಭಾಳ ಛಂದ ಬೆಂದದ."

"ನಿಮ್ಮ ಆಶೀರ್ವಾದ್ರಿ ಕಾಕಾ" ಎಂದೆ, ಮೈಕಿನಲ್ಲೇ.

"ಅಲ್ಲೋ, ಇಷ್ಟು ಅಂಗಡಿ ಬ್ಯಾಳಿ ಒಂದೇ ಸಮ ಹ್ಯಾಂಗ ಬೇಯ್ತದ?"

ಎಲ್ಲರ ಕೈಗಳೂ ನಿಂತವು. ಒಲೆ ಜೋರಿತ್ತು ಎಂದೆ. ಒಲೆ ಯಾವಾಗಲೂ ಹೀಗೇ ಇರುತ್ತದೆ ಎಂದ ಅಡುಗೆಯವನು. ಹಾಗಾದರೆ ನೀರಿನ ಗುಣ ಇರಬೇಕು ಎಂದೆ. ಆಗ ಹಿಂದಿನ ಸಾಲಿನಿಂದ ನನ್ನ ಮಾವ ಎದ್ದು ನಿಂತು, ಎಲ್ಲರಿಗೂ ಕೈಮುಗಿದರು.

"ನೀರಿಂದಲ್ರಿ, ಮಾಲಿನ ಗುಣ. ನಮ್ಮ ಭಾಲ್ಕಿ ಮಿಲ್ಲಿಂದು. ಅಳಿಯಂದಿರು ಸ್ವಂತ ಬಂದು ಒಯ್ದಾರ. ಹ್ಯಾಂಗದ್ರಿ?"

ತಾಟುಗಳು ಮುಂದೆ ಸರಿದವು. ಎಲ್ಲರೂ ಕೈಕಟ್ಟಿ ಕೂತರು. ಇತಿಹಾಸ ಹೇಳಲು ಹೋದವನು ಅದನ್ನೇ ಮಾಡಿ ತೋರಿಸಿದ್ದೆ! ಒಂದಿಬ್ಬರು ಚಪ್ಪಲಿ ಹುಡುಕತೊಡಗಿದರು. ಕಾಕಾ ಬೈಯಲಿಲ್ಲ, "ನಮ್ಮಪ್ಪನ ಹಂಡ್ಯಾಗ ಬ್ಯಾರೆ ಊರ ಬ್ಯಾಳಿ ಬೇಯಿಸಿದಿ" ಎಂದು ತಲೆ ತಗ್ಗಿಸಿದರು. ನನಗೆ ನಾಚಿಕೆಯಾಗಿ ಅಳು ಬಂತು. ಕಾಕಾ ಅವರ ತಂದೆ ಕೂಡಿಸಿದ ಊಟ ನನ್ನ ಕೈಯಲ್ಲಿ ಮುರಿದುಬಿತ್ತಲ್ಲ.

ಅಷ್ಟರಲ್ಲಿ ಆಟೋ ಬಂದು ನಿಂತಿತು. ಸುವರ್ಣಾ ದೊಡ್ಡದೊಂದು ಪಾತ್ರೆ ಇಳಿಸಿಕೊಂಡು ಬಂದಳು.

"ನಿಮ್ಮೆಲ್ಲಾರ ಬ್ಯಾಳಿ ಅದ್ರಿ ಕಾಕಾ. ಮಧ್ಯಾಹ್ನನೇ ನೆನಿ ಹಾಕಿದ್ದೆ. ಇವರ ಶ್ಯಾಣ್ಯಾತನ ನನಗ ಗೊತ್ತಿಲ್ಲೇನ್ರಿ?"

ಹಂಡೆ ಮತ್ತೆ ಒಲೆಯೇರಿತು. ಚಪ್ಪಲಿ ಹುಡುಕುತ್ತಿದ್ದವರೂ ಬಂದು ಕೂತರು. ಹಸಿದ ಹೊಟ್ಟೆಯಲ್ಲಿ ಕಾದು ಕೂತ ಜನ ಕೊನೆಗೆ ಆ ಅರೆಬೆಂದ ಬೇಳೆಯನ್ನು ಕಟಕ್ ಕಟಕ್ ಎನ್ನಿಸುತ್ತ ಸಂತೋಷದಿಂದ ಉಂಡರು. ಭಾಲ್ಕಿ ಬೇಳೆಯನ್ನು ಅಡುಗೆಯವನು ನಮ್ಮ ಮನೆಗೆ ಕಳಿಸಿದ. ಓಣಿಗೆಲ್ಲ ಹಂಚಿದರೂ ಮುಗಿಯಲಿಲ್ಲ.

ಕಾಕಾ ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆಯಲಿಲ್ಲ. ಇನ್ನು ಮುಂದೆ ಪ್ರತಿ ವರ್ಷ ಇತಿಹಾಸ ನಾನೇ ಹೇಳಬೇಕು, ಆ ದಿನದ್ದನ್ನೂ ಸೇರಿಸಿ, ಎಂದು ಸರ್ವಾನುಮತದ ಠರಾವು ಮಾಡಿಸಿದರು. ಈಗ ವರ್ಷ ವರ್ಷವೂ ಹೇಳುತ್ತೇನೆ. ನನ್ನ ಭಾಗ ಬಂದಾಗ, "ಯಾರೋ ಹೊರಗಿನ ಬೇಳೆ ತಂದಿದ್ದರಂತೆ" ಎಂದು ಮೆಲ್ಲಗೆ ದಾಟಿಸಲು ನೋಡುತ್ತೇನೆ. ಆದರೆ ಈಗ ಮಾವನವರಿಗೆ ಮುಂದಿನ ಸಾಲಿನಲ್ಲೇ ಜಾಗ ಇರುತ್ತದೆ. ಅವರು ಎದ್ದು ನಿಂತು, ಕೈಮುಗಿದು ಹೇಳುತ್ತಾರೆ: "ಅಳಿಯಂದಿರ, ಮಿಲ್ಲಿನ ಹೆಸರು ಹೇಳೋದು ಮರ್ತ್ರಿ."