ಆಲ್ವಿನ್ ಆಬ್ಸನ ಹಿಂಬಾಗಿಲು

ಎಲ್ಲ ರಗಳೆಗೂ ಮೂಲ ಮೂರು ಚುಕ್ಕಿ. ಹಣ್ಣು ಸಾಗಿಸುವ ಆ ಲಾರಿ ಕಂಪನಿಯಲ್ಲಿ ಆಲ್ವಿನ್ ಆಬ್ಸ್ ಪ್ರತಿ ಶುಕ್ರವಾರ ಸಂಜೆ ಪರದೆಯ ಮೇಲಿನ ಮೂರು ಚುಕ್ಕಿ ಒತ್ತಬೇಕಿತ್ತು. ಒತ್ತಿದರೆ ‘ನಿಲ್ಲಿಸು’ ಎಂಬ ಮಾತು ಕಾಣುತ್ತದೆ. ಅದನ್ನು ಒತ್ತಿದರೆ ‘ಖಂಡಿತವಾಗಿಯೂ ನಿಲ್ಲಿಸಬೇಕೆ?’ ಎಂದು ಕೇಳುತ್ತದೆ. ಹೌದು ಮಹರಾಯ ಎಂದು ಮತ್ತೊಮ್ಮೆ ಒತ್ತಿದರೆ ಒಂದು ಚಕ್ರ ತಿರುಗುತ್ತ ಕೂರುತ್ತದೆ. ಚಕ್ರ ನಿಂತ ಕೂಡಲೇ ಪುಟ ತಾನಾಗಿ ಮೇಲಕ್ಕೆ ಹಾರುತ್ತದೆ. ಎಲ್ಲಿದ್ದೆ ಎಂದು ಹುಡುಕಿಕೊಂಡು ಬಂದು ಮುಂದಿನವರ ಮೂರು ಚುಕ್ಕಿ ಒತ್ತಬೇಕು. ಹೀಗೆ ಎಂಬತ್ತು ಜನರದ್ದು.

ಕಂಪನಿಯಲ್ಲಿ ಯಾರ ಮೇಜಿನ ಮೇಲೂ ನಿಜವಾದ ಕಂಪ್ಯೂಟರ್ ಇರಲಿಲ್ಲ. ಒಂದು ಪರದೆ, ಒಂದು ಕೀಲಿಮಣೆ, ಅಷ್ಟೆ. ಒಬ್ಬೊಬ್ಬರ ಕಂಪ್ಯೂಟರೂ ಇದ್ದದ್ದು ಕ್ಲೌಡಿನಲ್ಲಿ, ಅಂದರೆ ದೂರದ ಯಾರದೋ ಯಂತ್ರಗಳೊಳಗೆ, ಬಾಡಿಗೆಗೆ; ಅದನ್ನೇ ಎಲ್ಲರೂ ಡೆಸ್ಕ್‌ಟಾಪ್ ಎನ್ನುತ್ತಿದ್ದರು. ನಿಲ್ಲಿಸದೆ ಹೋದರೆ ಶನಿವಾರ, ಭಾನುವಾರವೂ ಬಾಡಿಗೆ ಟ್ಯಾಕ್ಸಿ ಮೀಟರಿನಂತೆ ಓಡುತ್ತಿತ್ತು. ಸಾಲದ್ದಕ್ಕೆ ಕಂಪನಿಯ ಕಚೇರಿ ಎರಡು. ನಡುವಿನ ರಸ್ತೆಯೇ ರಾಜ್ಯದ ಗಡಿ. ಈ ಕಡೆ ನ್ಯೂ ಸೌತ್ ವೇಲ್ಸ್, ಆ ಕಡೆ ಕ್ವೀನ್ಸ್‌ಲ್ಯಾಂಡ್. ಬೇಸಿಗೆ ಬಂತೆಂದರೆ ಈ ಕಡೆಯವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿಕೊಳ್ಳುತ್ತಾರೆ, ಆ ಕಡೆಯವರು ಜಪ್ಪಯ್ಯ ಅಂದರೂ ಮುಟ್ಟುವುದಿಲ್ಲ. ಆದ್ದರಿಂದ ಆಲ್ವಿನ್ ಶುಕ್ರವಾರ ನಾಲ್ಕಕ್ಕೆ ಈ ಕಡೆಯವರದನ್ನು ನಿಲ್ಲಿಸಿ, ಆ ಕಡೆ ನಾಲ್ಕಾಗುವವರೆಗೆ ಗೋಡೆ ನೋಡುತ್ತ ಕೂರಬೇಕಿತ್ತು. ಒಂದೇ ದಿನ ಎರಡು ಸಲ ನಾಲ್ಕು ಗಂಟೆ ನೋಡುವ ಭಾಗ್ಯ ಅವನದು.

ಆದರೆ ಈ ಶುಕ್ರವಾರ ಕೂರುವಂತಿರಲಿಲ್ಲ. ನಾಲ್ಕೂವರೆಗೆ ಬೌಲ್ಸ್ ಕ್ಲಬ್ಬಿನಲ್ಲಿ ಜೋಡಿ ಆಟದ ಫೈನಲ್. ಆಲ್ವಿನ್ ಹನ್ನೊಂದು ವರ್ಷದಿಂದ ಆ ಹುಲ್ಲಿನ ಮೇಲೆ ಚೆಂಡು ಉರುಳಿಸುತ್ತಿದ್ದಾನೆ, ಫೈನಲ್ ಕಂಡದ್ದು ಇದೇ ಮೊದಲು. ಗೆದ್ದವರ ಹೆಸರನ್ನು ಕ್ಲಬ್ಬಿನ ಮರದ ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸುತ್ತಾರೆ. ಬಿಯರ್ ಹಿಡಿದು ಆ ಹಲಗೆಯ ಕೆಳಗೆ ನಿಂತಾಗಲೆಲ್ಲ ಅವನ ಕಣ್ಣು ಖಾಲಿ ಜಾಗಕ್ಕೇ ಹೋಗುತ್ತಿತ್ತು. ಅವನ ಜೊತೆಗಾರ್ತಿ ಡಲ್ಸಿ ವಾಘಾರ್ನ್, ಎಪ್ಪತ್ತು ದಾಟಿದ ಹೆಂಗಸು, ಮಾತು ಖಾರ.

“ನೋಡು ಮಗನೇ,” ಎಂದು ಬೆಳಿಗ್ಗೆಯೇ ಫೋನು ಮಾಡಿದ್ದಳು, “ಸೆಮಿಫೈನಲ್‌ಗೆ ನೀನು ಓಡ್ಕೊಂಡು ಬಂದಿದ್ದು ನಂಗೆ ಮರ್ತಿಲ್ಲ. ಇವತ್ತು ಒಂದು ನಿಮಿಷ ತಡ ಆದ್ರೂ ಬದಲಿ ಆಟಗಾರನ್ನ ಇಳಿಸ್ತೀನಿ. ಒಂದ್ಸಲ ಇಳಿಸಿದ್ರೆ ಮುಗೀತು, ಆಮೇಲೆ ಕಣ್ಣೀರು ಹಾಕ್ಬೇಡ.”

“ಇಲ್ಲ ಡಲ್ಸಿ, ಇವತ್ತು ನಾನೇ ನಿಮಗಿಂತ ಮುಂಚೆ ಅಲ್ಲಿರ್ತೀನಿ. ಹಿಂಬಾಗಿಲು ಸಿಕ್ಕಿದೆ.”

ಹಿಂಬಾಗಿಲು ಎಂದರೆ ಎಪಿಐ. ಅಂಗಡಿಯ ಮುಂದೆ ಸಾಲು ನಿಂತು ಒಂದೊಂದೇ ಸಾಮಾನು ಕೇಳುವ ಬದಲು ಹಿಂದಿನ ಉಗ್ರಾಣದವನಿಗೆ ನೇರವಾಗಿ ಒಂದು ಚೀಟಿ ಕಳಿಸುವಂತೆ ಇದು. ಚುಕ್ಕಿ ಇಲ್ಲ, ಚಕ್ರ ಇಲ್ಲ, ಖಂಡಿತವಾಗಿಯೂ ಎಂದು ಕೇಳುವವರಿಲ್ಲ. ಆಲ್ವಿನ್ ವಾರವೆಲ್ಲ ಕೂತು ಚೀಟಿ ಕಳಿಸುವ ಪುಟ್ಟ ಪ್ರೋಗ್ರಾಮ್ ಬರೆದಿದ್ದ. ನಾಲ್ಕಕ್ಕೆ ಈ ಕಡೆಯವರನ್ನು, ಒಂದು ಗಂಟೆ ಬಿಟ್ಟು ಆ ಕಡೆಯವರನ್ನು ಅದೇ ನಿಲ್ಲಿಸುತ್ತದೆ. ಬೆಳಿಗ್ಗೆ ತರಬೇತಿ ಕೋಣೆಯ ಖಾಲಿ ಡೆಸ್ಕ್‌ಟಾಪಿನ ಮೇಲೆ ಪ್ರಯೋಗ ಮಾಡಿದ. ಟಪ್ಪೆಂದು ಆರಿತು. ಆ ಖುಷಿಯಲ್ಲಿ ಹತ್ತು ಗಂಟೆಯ ಚಹಾದ ಹೊತ್ತಿಗೆ ಎಲ್ಲರ ಮುಂದೆ ಬಾಯಿಬಿಟ್ಟ. ಅಲ್ಲೇ ಕೆಟ್ಟದ್ದು.

ಮೊದಲು ಬಂದವಳು ಲೆಕ್ಕಪತ್ರದ ಗ್ವೆಂಡಾ, ಕೈಯಲ್ಲಿ ಒಂದು ತಟ್ಟೆ ಲ್ಯಾಮಿಂಗ್ಟನ್ ಕೇಕು.

“ಆಲ್ವಿನ್, ನಂದನ್ನ ಕೊನೆಗೆ ನಿಲ್ಸೋ. ನಲವತ್ತು ಕಿಟಕಿ ತೆಗೆದಿಟ್ಟಿದೀನಿ, ಒಂದೊಂದಾಗಿ ಮುಚ್ಚಬೇಕು.”

“ಒಂದೇ ಸೆಕೆಂಡಲ್ಲಿ ಎಲ್ಲಾ ಆರತ್ತೆ ಗ್ವೆಂಡಾ. ಮೊದ್ಲಾದ್ರೇನು ಕೊನೆಯಾದ್ರೇನು?”

“ಹಾಗಾದ್ರೆ ಕೊನೆಗೆ ಹಾಕೋದಕ್ಕೆ ನಿಂಗೇನು ಕಷ್ಟ?”

ಆಲ್ವಿನ್ ಬಾಯಲ್ಲಿದ್ದ ಕೇಕು ನುಂಗಿದ. ಗ್ವೆಂಡಾಳ ಹೆಸರನ್ನು ಸಾಲಿನ ತುದಿಗೆ ಸರಿಸಿದ. ಅವಳು ಅದನ್ನು ಊರಿಗೆಲ್ಲ ಹೇಳಿದಳು. ಲಾರಿ ವಿಭಾಗದ ರಸ್ ಬಂದ.

“ಗ್ವೆಂಡಾಗಿಂತ ನಂದು ಹಿಂದೆ ಹಾಕಪ್ಪ. ಶುಕ್ರವಾರ ನಾಲ್ಕರ ಮೇಲೇನೇ ನಂಗೆ ಕೆಲಸ ಜೋರು.”

“ಶುಕ್ರವಾರ ಮೂರರ ಮೇಲೆ ನಿನ್ನ ಕುರ್ಚಿ ಯಾವತ್ತಾದ್ರೂ ಬಿಸಿ ಇತ್ತೇನೋ?”

“ಹಂಗಂದ್ರೆ ಹೆಂಗೆ? ಕುರ್ಚಿ ಬೇರೆ, ಕೆಲಸ ಬೇರೆ.”

ರಸ್ ತುದಿಗೆ ಹೋದ. ಸುದ್ದಿ ಕೇಳಿ ಗ್ವೆಂಡಾ ಮತ್ತೆ ಬಂದು ಅವನ ಹಿಂದೆ ಹೋದಳು. ಊಟದ ಹೊತ್ತಿಗೆ ಕಚೇರಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಕೊನೆಯ ಜಾಗ ಕೇಳಿಕೊಂಡು ಹೋಗಿದ್ದರು. ಏನನ್ನೂ ಕೇಳದೆ ಉಳಿದ ಹೆಸರು ಒಂದೇ. ಉಳಿದವರೆಲ್ಲ ಹಿಂದೆ ಹಿಂದೆ ಸರಿದಂತೆ ಅದು ತಾನಾಗಿ ಮುಂದೆ ಬಂದು ಸಾಲಿನ ತಲೆಯಲ್ಲಿ ನಿಂತಿತು. ಅದನ್ನು ಆಲ್ವಿನ್ ಗಮನಿಸಲಿಲ್ಲ.

ಊಟ ಮುಗಿಸಿ ಮ್ಯಾನೇಜರ್ ನೆವಿಲ್ ಕಾರಿನ ಕೀ ಹಿಡಿದು ಹೊರಟ. “ನಂಗೆ ಹೊರಗೆ ಸ್ವಲ್ಪ ಕೆಲಸ ಇದೆ. ಎಲ್ಲಾ ಆರಿದ ಮೇಲೇ ನೀನು ಎದ್ದೇಳೋದು. ಗೊತ್ತಾಯ್ತಾ?”

“ಒಂದೂ ಉರಿಯಲ್ಲ ನೆವಿಲ್.”

ನಾಲ್ಕು ಹೊಡೆಯಿತು. ಆಲ್ವಿನ್ ಬಿಳಿ ಪ್ಯಾಂಟು ತೊಟ್ಟು ಸಿದ್ಧನಾಗಿ ಬಂದು, ಒಂದು ಗುಂಡಿ ಒತ್ತಿದ. ಪ್ರೋಗ್ರಾಮ್ ಸಾಲಿನ ಮೊದಲ ಹೆಸರನ್ನು ಓದಿ, ಹೇಳಿದಷ್ಟನ್ನು ಚಾಚೂತಪ್ಪದೆ ಮಾಡಿತು. ಆಲ್ವಿನ್ ಆಬ್ಸನ ಡೆಸ್ಕ್‌ಟಾಪ್ ಆರಿತು. ಪ್ರೋಗ್ರಾಮ್ ಓಡುತ್ತಿದ್ದದ್ದೂ ಅದೇ ಡೆಸ್ಕ್‌ಟಾಪಿನೊಳಗೆ. ಕೂತ ಕೊಂಬೆಯನ್ನೇ ಕಡಿದುಕೊಂಡಂತಾಯಿತು. ಅವನ ಪರದೆ ಕಪ್ಪು, ಎರಡೂ ಕಡೆ ಸೇರಿ ಉಳಿದ ಎಪ್ಪತ್ತೊಂಬತ್ತು ಪರದೆ ಝಗಝಗ.

“ನಂದಿನ್ನೂ ಉರೀತಾ ಇದೆ, ಭೇಷ್!” ಎಂದಳು ಗ್ವೆಂಡಾ.

“ಎಲ್ಲರದ್ದೂ ಉರೀತಾ ಇದೆ ಕಣೇ! ನಂದೊಂದೇ ಆರಿದ್ದು!”

“ಮತ್ತೆ ನನ್ನ ಪರದೆಯಿಂದ ನಿಲ್ಸು, ಬಾ.”

ಆಗುವಂತಿರಲಿಲ್ಲ. ನಿಲ್ಲಿಸುವ, ಶುರು ಮಾಡುವ ಪುಟ ಆಲ್ವಿನ್ನನ ಡೆಸ್ಕ್‌ಟಾಪಿನಲ್ಲಿ ಬಿಟ್ಟು ಇನ್ನೆಲ್ಲೂ ತೆರೆಯದಂತೆ ಹೋದ ವರ್ಷ ಬೀಗ ಹಾಕಿದ್ದವನು ಆಲ್ವಿನ್ನೇ. ರಸ್ ಕೈಯಾಡಿಸಲು ಹೋಗಿ ಅರ್ಧ ಕಚೇರಿ ಆರಿಸಿದ್ದ ಕಾರಣಕ್ಕೆ ಹಾಕಿದ ಬೀಗ ಅದು. ಇನ್ನೊಂದು ಕೀಲಿ ಇದ್ದದ್ದು ನೆವಿಲ್ ಒಬ್ಬನ ಫೋನಿನಲ್ಲಿ. ಆಲ್ವಿನ್ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಬಾಡಿಗೆ ಕೊಟ್ಟ ಕ್ಲೌಡ್ ಕಂಪನಿಯ ಸಹಾಯವಾಣಿಗೆ ಮಾಡಿದರೆ, ದಯವಿಟ್ಟು ನಿಮ್ಮ ಡೆಸ್ಕ್‌ಟಾಪಿನಲ್ಲಿ ‘ಸಹಾಯ’ ಎಂಬುದನ್ನು ಒತ್ತಿ ಎಂದು ಹೇಳಿ ಸಂಗೀತ ಹಾಕಿದರು. ಆಲ್ವಿನ್ ಫೋನನ್ನು ಕಸದ ಬುಟ್ಟಿಗೆ ಎಸೆದು, ನೆವಿಲ್ ಕರೆ ಮಾಡಿದರೆ ಎಂದು ಮತ್ತೆ ಎತ್ತಿಕೊಂಡ.

“ಪ್ಲಗ್ ಕಿತ್ತು ಹಾಕಿ ನೋಡೋ,” ಎಂದ ರಸ್.

“ಕ್ಲೌಡಿನ ಪ್ಲಗ್ ಎಲ್ಲಿದೆ, ನೀನೇ ಮೇಲೆ ಹೋಗಿ ಕಿತ್ತು ಬಾ!”

“ಕೋಪ ಮಾಡ್ಕೋಬೇಡ ಆಲ್ವಿನ್,” ಎಂದು ಗ್ವೆಂಡಾ ಸಮಾಧಾನ ಹೇಳಿದಳು. “ಪಾಪ ಡಲ್ಸಿ ಕಾಯ್ತಾ ಕೂತಾಳೆ ಅಂತ ಆಗಲೇ ಫೋನು ಮಾಡಿ ಹೇಳ್ಬಿಟ್ಟೆ. ನಮ್ಮ ಪಕ್ಕದ ಮನೆಯವರೇ ಅಲ್ವಾ? ಆಲ್ವಿನ್ ಬರೋದು ಡೌಟು ಅಂದೆ.”

ಆಲ್ವಿನ್ ಕ್ಲಬ್ಬಿನ ಕಡೆಗೆ ಓಡಿದ.

ಕ್ಲಬ್ಬಿಗೆ ಮುಟ್ಟಿದಾಗ ಆಟ ಶುರುವಾಗಿತ್ತು. ಹುಲ್ಲಿನ ಮೇಲೆ ಡಲ್ಸಿಯ ಪಕ್ಕದಲ್ಲಿ ಬಿಳಿ ಬಟ್ಟೆಯ ಒಬ್ಬ ದಪ್ಪ ಮನುಷ್ಯ ಬಗ್ಗಿ ಚೆಂಡು ಉರುಳಿಸುತ್ತಿದ್ದ. ಚೆಂಡು ನಿಧಾನವಾಗಿ ಬಾಗಿ ಹೋಗಿ ಗುರಿಗೆ ಮುತ್ತಿಟ್ಟಂತೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಆ ಮನುಷ್ಯ ಎದ್ದು ಈ ಕಡೆ ತಿರುಗಿದ. ನೆವಿಲ್!

“ಬದಲಿ ಆಟಗಾರ ನೀನಾ?” ಆಲ್ವಿನ್ ಬೇಲಿಯಾಚೆಯಿಂದ ಅರಚಿದ.

“ಮೆಲ್ಲಗೆ ಮಾರಾಯ, ಆಟ ನಡೀತಿದೆ,” ಎನ್ನುತ್ತ ನೆವಿಲ್ ಬಂದ. “ನೀನು ಬರಲ್ಲ ಅಂತ ಡಲ್ಸಿ ಇಳಿಸಿದ್ರು. ನಾನೇನು ಮಾಡ್ಲಿ?”

“ಫೋನ್ ಎತ್ತಬೇಕಿತ್ತು! ಒಂದೂ ಆರಿಲ್ಲ, ನನ್ನ ಡೆಸ್ಕ್‌ಟಾಪ್ ಒಂದೇ ಆರಿದೆ, ಒಳಗೆ ಹೋಗೋಕಾಗ್ತಿಲ್ಲ!”

“ಅಷ್ಟೇ ತಾನೆ?” ನೆವಿಲ್ ಚೀಲದಿಂದ ಫೋನು ತೆಗೆದು ಏನೋ ಒತ್ತಿದ. “ಆಯ್ತು. ಎಲ್ಲಾ ಆರಿಹೋಯ್ತು.”

“ಏನು ಒತ್ತಿದೆ?”

“ಇಲ್ಲಿದೆಯಲ್ಲ, ‘ಎಲ್ಲವನ್ನೂ ನಿಲ್ಲಿಸು’. ಮೊದಲಿನಿಂದ್ಲೂ ಇದೆ. ನಿಂಗೆ ಕಾಣ್ಸಲ್ವಾ? ಓ, ಇದು ಮ್ಯಾನೇಜರಿಗೆ ಮಾತ್ರ ಇರ್ಬೇಕು.”

“ಎರಡು ವರ್ಷದಿಂದ ಪ್ರತಿ ಶುಕ್ರವಾರ ಕೂತು ಒಂದೊಂದೇ ಒತ್ತಿದೀನಿ, ನೆವಿಲ್!”

“ನಿಂಗೆ ಅದು ಇಷ್ಟ ಅಂದ್ಕೊಂಡಿದ್ದೆ.”

ಆಲ್ವಿನ್ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಷ್ಟರಲ್ಲಿ ಅವನ ಫೋನು ಬಡಿದುಕೊಳ್ಳತೊಡಗಿತು. ಗಡಿಯಾಚೆಯ ಕಚೇರಿಯಿಂದ ಲೊರೇನ್.

“ಏಯ್ ಆಲ್ವಿನ್, ನಮ್ಮ ಕಡೆ ಇನ್ನೂ ನಾಲ್ಕಾಗಿಲ್ಲ ಕಣೋ! ಎಲ್ಲಾ ಪರದೆ ಕಪ್ಪಾಗಿದೆ. ಮಾವಿನ ಹಣ್ಣಿನ ಲಾರಿ ಹನ್ನೆರಡು ಗೇಟಲ್ಲಿ ನಿಂತಿವೆ, ಕಾಗದ ಅಚ್ಚು ಹಾಕೋಕಾಗ್ತಿಲ್ಲ. ಹಣ್ಣು ಕೊಳೆತ್ರೆ ನಿನ್ನ ಮನೆ ಮುಂದೇನೇ ಸುರೀತೀನಿ!”

ಆಲ್ವಿನ್ ಫೋನನ್ನು ನೆವಿಲ್‌ನ ಕಿವಿಗೆ ಹಿಡಿದ. ನೆವಿಲ್ ಕೇಳಿಸಿಕೊಂಡು ತಲೆ ಕೆರೆದುಕೊಂಡ.

“ಎಲ್ಲವನ್ನೂ ಶುರು ಮಾಡು ಅನ್ನೋ ಗುಂಡಿ ಒತ್ತು, ಬೇಗ,” ಎಂದ ಆಲ್ವಿನ್.

ನೆವಿಲ್ ಮೇಲೆ ಕೆಳಗೆ ಹುಡುಕಿದ. “ಶುರು ಮಾಡೋಕೆ ಅಂಥದ್ದು ಇಲ್ಲ. ಒಂದೊಂದೇ ಮಾಡ್ಬೇಕು. ನಿಂದೊಂದನ್ನ ಶುರು ಮಾಡಿದೀನಿ, ಓಡು.”

“ಪ್ರೋಗ್ರಾಮಲ್ಲಿ ಒಂದು ಪದ ಬದಲಾಯಿಸಿದ್ರೆ ಒಂದೇ ಸಲಕ್ಕೆ...”

“ಆ ನಿನ್ನ ಪ್ರೋಗ್ರಾಮ್ ಮಾತ್ರ ಬೇಡಪ್ಪ. ಇವತ್ತು ಕಂಡಿದ್ದು ಸಾಕು. ಕೈಯಲ್ಲೇ ಮಾಡು.”

“ನೆವಿಲ್!” ಎಂದು ಹುಲ್ಲಿನ ಮೇಲಿಂದ ಡಲ್ಸಿ ಕೂಗಿದಳು. “ಹರಟೆ ಸಾಕು, ನಿನ್ನ ಸರದಿ!”

ಆಲ್ವಿನ್ ಬಿಳಿ ಪ್ಯಾಂಟಿನಲ್ಲೇ ವಾಪಸು ಬಂದು ಕುರ್ಚಿಯಲ್ಲಿ ಕುಸಿದ. ಗ್ವೆಂಡಾ, ರಸ್ ಎಲ್ಲರೂ ಮನೆಗೆ ಹೋಗಿದ್ದರು. ತಟ್ಟೆಯಲ್ಲಿ ಒಂದು ಲ್ಯಾಮಿಂಗ್ಟನ್ ಉಳಿದಿತ್ತು. ಒಂದೊಂದೇ ಶುರು ಮಾಡುತ್ತ ಗಡಿಯಾಚೆಯವರ ಅರ್ಧದಷ್ಟು ಹೆಸರು ಮುಗಿದಿರಬೇಕು, ಆಗ ತೆರೆದ ಕಿಟಕಿಯಿಂದ ಕ್ಲಬ್ಬಿನ ಕೇಕೆ ಕೇಳಿಸಿತು. ಡಲ್ಸಿಯ ಶಿಳ್ಳೆ ಎಲ್ಲಕ್ಕಿಂತ ಜೋರಾಗಿತ್ತು. ಹಲಗೆಯ ಖಾಲಿ ಜಾಗದಲ್ಲಿ ನೆವಿಲ್ ಎಂಬ ಮೂರಕ್ಷರ ಚಿನ್ನದ ಬಣ್ಣದಲ್ಲಿ ಅವನ ಕಣ್ಣಿಗೆ ಕಟ್ಟಿತು.

ಅವನು ಮುಂದಿನ ಹೆಸರಿನ ಮೂರು ಚುಕ್ಕಿ ಒತ್ತಿದ.

‘ಖಂಡಿತವಾಗಿಯೂ ಶುರು ಮಾಡಬೇಕೆ?’ ಎಂದು ಅದು ಕೇಳಿತು.