ಭಾವನ ಗಾಡಿಗೆ ಗೇರು ಬೀಳುತ್ತಿಲ್ಲ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಡಾಕ್ಟರಾಗಬೇಕಿತ್ತು. ಆಗದೇ ಹೋದದ್ದು ಹಾಸನ ಜಿಲ್ಲೆಯ ರೋಗಿಗಳ ಪುಣ್ಯ! ಪಾಪ, ಜಿಲ್ಲೆಯ ಗಾಡಿಗಳಿಗೆ ಅಂಥ ಪುಣ್ಯ ಇರಲಿಲ್ಲ. ಟ್ರ್ಯಾಕ್ಟರು, ಟಿಲ್ಲರು, ಗೂಡ್ಸ್ ಆಟೋ, ನೀರೆತ್ತುವ ಮೋಟರು, ಯಾವುದು ಕೈಗೆ ಸಿಕ್ಕರೂ ಭಾವ ಅದರ ಮೈಮೇಲೆ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದರು. ಅರ್ಧ ನಿಮಿಷ. ಆಮೇಲೆ ತೀರ್ಪು. ಅಪೀಲಿಗೆ ಅವಕಾಶವಿಲ್ಲ.

ನನ್ನ ಮದುವೆಯಾದ ಹೊಸತರಲ್ಲಿ ನನ್ನ ಸ್ಕೂಟರಿಗೂ ಈ ಪರೀಕ್ಷೆ ನಡೆಯಿತು. "ಇದ್ರ ಬೇರಿಂಗು ಇನ್ ಎಂಟ್ ದಿನ ಕಣ್ಲಾ" ಅಂದರು. ನಾನು ಮೇಷ್ಟರು, ನಂಬುವೆನೆ? ಒಂಬತ್ತನೆಯ ದಿನ ಹೊಸ ಹೆಂಡತಿಗೆ ದೊಡ್ಡಗದ್ದವಳ್ಳಿಯ ದೇವಸ್ಥಾನ ತೋರಿಸುತ್ತೇನೆಂದು ಜಂಬದಿಂದ ಹೊರಟವನು ಅರ್ಧ ದಾರಿಯಿಂದ ಸ್ಕೂಟರು ತಳ್ಳಿಕೊಂಡು ವಾಪಸಾದೆ. ಫೋನು ಮಾಡಿ ಹೇಳಿದರೆ ಭಾವ ಏನೆನ್ನಬೇಕು? "ಒಂದಿನ ಜಾಸ್ತಿ ಬಂತಲ್ಲಾ, ಒಳ್ಳೆ ಗಾಡಿ ಬುಡು!"

ಇದನ್ನೆಲ್ಲ ನಗುತ್ತಾ ಹೇಳಲು ಹೊರಟವನು ನಾನು. ಈ ವರ್ಷ ಯಾಕೋ ನಗು ಅಷ್ಟು ಸಲೀಸಾಗಿ ಬರುತ್ತಿಲ್ಲ.

ಭಾವನದು ಅರಕಲಗೂಡು ಕಡೆಯ ಹಳ್ಳಿ. ಮೂವತ್ತು ವರ್ಷ ಲಾರಿಯ ಕ್ಲಚ್ಚು ತುಳಿದು ತುಳಿದು ಅವರ ಎಡಗಾಲಿನ ಮಂಡಿ ಮುಷ್ಕರ ಹೂಡಿತು. ಬೇರೆಯವರಾಗಿದ್ದರೆ ಗಾಡಿ ಬಿಡುತ್ತಿದ್ದರು. ಭಾವ ಕ್ಲಚ್ಚನ್ನು ಬಿಟ್ಟರು! ಎಲ್ಲಿಂದಲೋ ತಾನೇ ಗೇರು ಹಾಕಿಕೊಳ್ಳುವ ಒಂದು ಡೀಸೆಲ್ ಪಿಕಪ್ಪನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ನಾಲ್ಕು ಬಾಗಿಲು, ಮೈಯೆಲ್ಲ ಮಿರಿಮಿರಿ. ಯಾರೋ ಶೋಕಿಗೆ ಕೊಂಡು ಬೇಜಾರಾಗಿ ಮಾರಿದ್ದು. ಮಾರನೆಯ ದಿನವೇ ಅದರ ಬೆನ್ನ ಮೇಲೆ ಆಲೂಗಡ್ಡೆ ಮೂಟೆ ಬಿತ್ತು. ಕೆಲಸವಿಲ್ಲದ ಎಡಗಾಲನ್ನು ಸೀಟಿನ ಮೇಲೆ ಮಡಚಿ, ಊಟಕ್ಕೆ ಕೂತವರ ಹಾಗೆ ಕೂತು ಹಾಸನದ ಮಾರ್ಕೆಟ್ಟಿಗೆ ಹೊರಡುತ್ತಿದ್ದರು. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆಯೆಂದು ತೋರಿಸುವ ಮೀಟರಿನ ಮೇಲೆ ಮನೆದೇವರ ಸ್ಟಿಕರು. ಯಾಕೆ ಭಾವ ಎಂದರೆ, "ಮೀಟ್ರು ನೋಡ್ಕಂಡು ಓಡ್ಸೋನು ಡ್ರೈವರ್ರಾ? ಕಿವಿ ಯಾತಕ್ಕವೆ?" ಎಂದು ನನಗೇ ಪಾಠ.

ಹೋದ ದೀಪಾವಳಿಯ ಹೊತ್ತಿಗೆ ಗಾಡಿಗೆ ರೋಗ ಬಂತು. ಗೇರು ಬೀಳುತ್ತಿಲ್ಲವಂತೆ! ನಾನೂ ಕೂತು ನೋಡಿದೆ. ಎರಡನೆಯ ಗೇರಿನಿಂದ ಮೂರಕ್ಕೆ ಹೋಗಲು ಗಾಡಿ ಸುತರಾಂ ಒಪ್ಪುತ್ತಿರಲಿಲ್ಲ. ಇಂಜಿನ್ ಕಿರುಚುವ ಸದ್ದಿಗೆ ಎದುರಿನ ಎತ್ತಿನಗಾಡಿಯವನು ಗದ್ದೆಗೇ ಇಳಿದುಬಿಟ್ಟ. ಭಾವ ಮಾತ್ರ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿ, "ಉಸ್ರೇ ಇಲ್ಲ ನೋಡ್ಲಾ, ಸೊರಗೋಗದೆ" ಅಂದರು. ಅಷ್ಟು ಕಿರುಚುವುದನ್ನು ಸೊರಗಿದೆ ಅನ್ನುತ್ತಾರಲ್ಲ, ಇದು ಯಾವ ವೈದ್ಯವೋ ಅಂದುಕೊಂಡೆ. ಹತ್ತೂರಿನ ಗಾಡಿಗಳಿಗೆ ಮದ್ದು ಹೇಳಿದವರಿಗೆ ತಮ್ಮ ಗಾಡಿಯ ಕಾಯಿಲೆಯೇ ಸಿಗುತ್ತಿಲ್ಲ. ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ ಅವರಿಗೆ.

ಮೊದಲು ಹೊಳೆನರಸೀಪುರ. ಅಲ್ಲಿಯ ಮೆಕ್ಯಾನಿಕ್ ಗೇರ್ ಬಾಕ್ಸಿನ ಎಣ್ಣೆ ಇಳಿಸಿದ. ಕೆಂಪಗಿರಬೇಕಾದದ್ದು ಕಾಫಿ ಡಿಕಾಕ್ಷನ್ನಿನಂತೆ ಬಂತು. ಬೆರಳಿಗೆ ಹಚ್ಚಿ ಮೂಸಿ ನೋಡಿ, "ಎಣ್ಣೆ ಸೀದೋಗದೆ ಸಾ. ಇದ್ನ ಯಾರೂ ಓಡುಸ್ತಿಲ್ಲ, ಬಾಣ್ಲೀಲಾಕಿ ಉರೀತಾವ್ರೆ!" ಅಂದ. ಎಣ್ಣೆ, ಫಿಲ್ಟರು ಎರಡೂ ಬದಲಾದವು. ಅವನು ಹೇಮಾವತಿ ಸೇತುವೆಯವರೆಗೆ ಓಡಿಸಿಕೊಂಡು ಬಂದ. ಗೇರುಗಳು ಬೆಣ್ಣೆಯಂತೆ ಬಿದ್ದವು. ಭಾವ ಕೂತರು, ಮತ್ತೆ ಕಿರುಚಾಟ. "ಗಾಡಿ ನಿಮ್ಮುನ್ ಕಂಡ್ರೆ ಎದುರ್ಕತದೆ ಸಾ" ಎಂದು ಅವನು ನಕ್ಕ. ಭಾವ ನಗಲಿಲ್ಲ. ಅವನಿಗೆ ಇನ್ನೊಂದು ಮಾತಿಗೆ ಎಡೆಗೊಡದೆ ತಮ್ಮ ಹಳೆಯ ಲಾರಿಯ ಪುರಾಣ ಶುರು ಮಾಡಿದರು. ಈಚೆಗೆ ಇದೊಂದು ಹೊಸ ಚಾಳಿ. ಯಾರು ಎದುರಿಗೆ ಬಂದರೂ ತಾವೇ ಮಾತಾಡುವುದು, ತಾವೇ ಮುಗಿಸುವುದು, ಎದ್ದು ಹೊರಡುವುದು. ವಯಸ್ಸಾದ ಹಾಗೆ ಅಹಂಕಾರ ಬೆಳೆಯುತ್ತಿದೆ ಎಂದು ನಾನು ತೀರ್ಮಾನಿಸಿದೆ. ತೀರ್ಪು ಕೊಡುವ ಕಾಯಿಲೆ ನನಗೂ ಅಂಟಿತ್ತು ಅಂತ ಕಾಣುತ್ತದೆ.

ಆಮೇಲೆ ಚನ್ನರಾಯಪಟ್ಟಣ. ಅಲ್ಲಿಯವನು ಬ್ಯಾಟರಿಯ ಅರ್ಥಿಂಗ್ ವೈರು ಸಡಿಲ ಅಂದ, ಬಿಗಿ ಮಾಡಿದ, ಬಾಗೂರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಸರಿಹೋಯಿತೆಂದು ಕೈ ಒರೆಸಿಕೊಂಡ. ಭಾವ ಒಪ್ಪಲಿಲ್ಲ. ಇಂಜಿನ್ ಚಾಲೂ ಇಡಿಸಿ, ಆ ವಯಸ್ಸಿನಲ್ಲಿ ಗಾಡಿಯ ಕೆಳಗೆ ತೂರಿ, ಗೇರ್ ಬಾಕ್ಸಿಗೆ ಸ್ಕ್ರೂಡ್ರೈವರು ಊರಿದರು. ಅರ್ಧ ನಿಮಿಷವಾಯಿತು. ಐದು ನಿಮಿಷವಾಯಿತು. ಹಿಡಿಯನ್ನು ಅಂಗಿಗೆ ಒರೆಸಿ ಮತ್ತೆ ಇಟ್ಟರು. ಆಮೇಲೆ ಇನ್ನೊಂದು ಕಿವಿಗೆ. "ರೇಡಿಯೋ ಸ್ಟೇಷನ್ ಸಿಗ್ತಿಲ್ವಾ ಭಾವ?" ಎಂದು ನಾನು ತಮಾಷೆ ಮಾಡಿದೆ. ಥೂ! ಈಗ ನೆನೆದರೆ ನಾಲಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅಂದು ಊರಿಗೆ ಹಿಂತಿರುಗಿದಾಗ ಅಕ್ಕ ಕಾಫಿ ಲೋಟ ತಂದಿಟ್ಟು ನನ್ನ ಪಕ್ಕ ಕೂತಳು. ಅಕ್ಕನದು ಮೊದಲಿಂದಲೂ ಮೆಲುದನಿ.

"ಗಾಡಿ ಚಿಂತೆ ಮಾಡ್ತರಲ್ಲಾ, ಅಷ್ಟ್ರಲ್ಲಿ ಕಾಲ್ಭಾಗ ನಂದ್ ಮಾಡಿದ್ರೆ ಸಾಕಿತ್ತು. ಮೂರ್ ಸಲ ಕರುದ್ರೂ ತಿರ್ಗಿ ನೋಡಾಕಿಲ್ಲ ಕಣೋ. ವರ್ಸವೇ ಆಯ್ತು. ನಾನೂ ಮಾತ್ ಬುಟ್ಟಿವ್ನಿ. ಏನ್ ತಪ್ ಮಾಡಿವ್ನಿ ಅಂತ ಯೇಳ್ಬುಟ್ರೆ ಕಾಲಿಗ್ ಬೀಳ್ತಿನಿ."

ಭಾವ ಎರಡು ಮಾರು ದೂರದಲ್ಲೇ ಜಗಲಿಯ ಮೇಲೆ ಕೂತಿದ್ದರು. ಒಮ್ಮೆಯೂ ಇತ್ತ ನೋಡಲಿಲ್ಲ. ಕಲ್ಲಾಗಿಬಿಟ್ಟಿದ್ದಾರೆ ಈ ಮನುಷ್ಯ, ಎಂದು ನನಗೆ ನಿಜವಾಗಿಯೂ ಸಿಟ್ಟು ಬಂತು. ಆ ರಾತ್ರಿ ಇಬ್ಬರೂ ತಟ್ಟೆ ನೋಡಿಕೊಂಡು ಉಂಡರು. ನಡುವೆ ಕೂತ ನನಗೆ ಸಾರಿನ ರುಚಿಯೂ ತಿಳಿಯಲಿಲ್ಲ.

ಕೊನೆಗೆ ಹಾಸನ. ಬರೀ ಇಂಥ ಗಾಡಿಗಳನ್ನೇ ನೋಡುವ ಒಂದು ಗ್ಯಾರೇಜಿನಲ್ಲಿ ಒಬ್ಬಳು ಹೆಣ್ಣುಮಗಳು, ಲ್ಯಾಪ್‌ಟಾಪಿನಿಂದ ಗಾಡಿಗೊಂದು ವೈರು ಸಿಕ್ಕಿಸಿದಳು. "ಒಂದು ಫಾಲ್ಟೂ ತೋರಿಸ್ತಿಲ್ಲ ಸರ್. ಓಡಿಸಿ ನೋಡೋಣ" ಎಂದು ಹಿಂದಿನ ಸೀಟಿನಲ್ಲಿ ಕೂತಳು. ನಾನು ಮುಂದೆ ಎಡಗಡೆ. ಭಾವ ಕಾಲು ಮಡಚಿ ಹೊರಟರು. ಗಾಡಿ ಕಿರುಚತೊಡಗಿತು.

"ಆಕ್ಸಿಲರೇಟರ್ ಸ್ವಲ್ಪ ಬಿಡಿ ಸರ್" ಅಂದಳು. ಭಾವ ಬಿಡಲಿಲ್ಲ. "ಸರ್, ಕಾಲು ಎತ್ತಿ." ಊಹೂಂ. ಮೂರನೆಯ ಸಲ ಕೂಗಿಯೇ ಹೇಳಿದಳು. ಭಾವ ಶಾಂತವಾಗಿ, "ಇದ್ನ ಮೊದ್ಲು ಓಡುಸ್ತಿದ್ದೋನು ಶೋಕಿವಾಲ ಕಣಮ್ಮಾ" ಎಂದು ತಮ್ಮ ಕತೆ ತೆಗೆದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ತಡೆಯಲಾರದೆ ಅವರ ಬಲಮಂಡಿ ಮುಟ್ಟಿದೆ. ಬೆಚ್ಚಿ ಕಾಲು ಎತ್ತಿದರು. ಆ ಕ್ಷಣಕ್ಕೇ ಮೂರನೆಯ ಗೇರು ಬಿತ್ತು, ಹಿಂದೆಯೇ ನಾಲ್ಕು. ಕಿರುಚಾಟ ನಿಂತಿತು. ಭಾವನಿಗೆ ಅದು ತಿಳಿಯಲೇ ಇಲ್ಲ. ಮತ್ತೆ ಪೂರ್ತಿ ಒತ್ತಿದರು.

ಗ್ಯಾರೇಜಿಗೆ ಬಂದ ಮೇಲೆ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. "ಗಾಡಿ ಚೆನ್ನಾಗಿದೆ ಸರ್. ಕಾಲು ಪೂರ್ತಿ ಒತ್ತಿಕೊಂಡೇ ಇದ್ರೆ ಇನ್ನೂ ಶಕ್ತಿ ಬೇಕೇನೋ ಅಂದ್ಕೊಂಡು ಗಾಡಿ ಮೇಲಿನ ಗೇರಿಗೆ ಹೋಗಲ್ಲ. ಇಂಜಿನ್ ಸದ್ದು ಅವರಿಗೆ ಕೇಳಿಸ್ತಿಲ್ಲ, ಎಳೀತಿಲ್ಲ ಅಂದ್ಕೊಂಡು ಒತ್ತುತಾರೆ. ನಮ್ಮಜ್ಜಿಗೂ ಹಿಂಗೇ ಆಗಿತ್ತು. ಕಿವಿ ತೋರಿಸಿ ಸರ್."

ಸ್ಟೇಷನ್ ಸಿಗ್ತಿಲ್ವಾ ಎಂದು ಕೇಳಿದವನು ನಾನು ತಾನೇ?

ಗೊರೂರಿನ ಕಡೆಯ ರಸ್ತೆಯಲ್ಲಿ ಸ್ವಲ್ಪ ದೂರ ಬಂದ ಮೇಲೆ ಭಾವ ಗಾಡಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ ಇಂಜಿನ್ ಆರಿಸಿದರು.

"ಆ ಹುಡ್ಗಿ ನಿನ್ನ ಪಕ್ಕುಕ್ ಕರುದು ಏನಂದ್ಲು?"

"ಗಾಡೀಲಿ ಏನೂ ತೊಂದ್ರೆ ಇಲ್ವಂತೆ ಭಾವ."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಅಷ್ಟು ದನಿ ಎತ್ತಿ ಭಾವನ ಎದುರು ನಾನು ಯಾವತ್ತೂ ಮಾತಾಡಿದವನಲ್ಲ.

"ಗೊತ್ತು ಕಣ್ಲಾ" ಅಂದರು. "ಚನ್ರಾಯಪಟ್ಣದಲ್ಲಿ ಗಾಡಿ ಕೆಳುಗ್ ಮಲುಗಿದ್ನಲ್ಲಾ, ಆವತ್ತೇ ಗೊತ್ತಾಯ್ತು. ಗಾಡೀದೇ ಕಾಯ್ಲೆ ಆಗಿದ್ರೆ ರಿಪೇರಿ ಆಯ್ತದಲ್ಲಾ ಅಂತ ಒಂದ್ ಆಸೆ."

ಕಿವಿಗೆ ಡಾಕ್ಟರಿದ್ದಾರೆ, ಮೆಷಿನ್ ಬಂದಿದೆ, ನಾಳೆಯೇ ಹೋಗೋಣ ಎಂದೆಲ್ಲ ಕೂಗಿ ಕೂಗಿ ಹೇಳಿದೆ. ಕೂಗುತ್ತಲೇ ಅಳು ಬಂತು. ಭಾವ ಕೈ ಅಡ್ಡ ಹಿಡಿದು ತಡೆದರು.

"ಓಗವ ಬುಡು. ಆದ್ರೆ ಮೊದ್ಲು ಓಗಿದ್ದು ಗಾಡಿ ಸದ್ದಲ್ಲ ಕಣ್ಲಾ. ನಿಮ್ಮಕ್ಕನ್ ದನಿ. ತುಟಿ ಅಲ್ಲಾಡ್ತದೆ, ಏನೂ ಕೇಳಾಕಿಲ್ಲ. ಇನ್ನೊಂದ್ ಸಲ ಯೇಳು, ಇನ್ನೊಂದ್ ಸಲ ಯೇಳು ಅಂತ ಎಷ್ಟ್ ಸಲ ಕೇಳಾದು? ಸುಮ್ನಾಗ್ಬುಟ್ಟೆ. ಅದ್ನ ಯಾವ್ ಗ್ಯಾರೇಜಿಗ್ ತಗಂಡೋಗ್ಲಿ?"

ಯಾರಿಗೂ ಸ್ಟಿಯರಿಂಗ್ ಮುಟ್ಟಲು ಬಿಡದ ಮನುಷ್ಯ, ಇಳಿದು ಬಂದು ನನ್ನ ಕೈಗೆ ಬೀಗದ ಕೈ ಕೊಟ್ಟರು. ನಾನು ಗಾಡಿ ಓಡಿಸಿದೆ, ಅವರು ಎಡಗಡೆ ಕೂತರು. ಗೇರುಗಳು ಒಂದೊಂದಾಗಿ ಮೆತ್ತಗೆ ಬಿದ್ದವು. ಊರಿನ ಕೆರೆ ಏರಿ ಕಂಡಾಗ ಭಾವ ನನ್ನ ಕಡೆ ತಿರುಗಿದರು.

"ಮನೆಗ್ ಓದ್ಮೇಲೆ ನೀನೇ ಯೇಳ್ಬುಡ್ಲಾ ಅವ್ಳಿಗೆ. ನಾನು ಬೇಕೂಂತ ಮಾತ್ ಬುಟ್ಟಿದ್ದಲ್ಲ ಅಂತ."

ಹೂಂ ಎಂದು ತಲೆಯಾಡಿಸಿದೆ. ಮನೆಯ ಮುಂದೆ ಗಾಡಿ ನಿಂತಿತು. ಅಕ್ಕ ಬಾಗಿಲಿಗೆ ಬಂದಳು. ಭಾವ ಇಳಿಯಲಿಲ್ಲ, ನನ್ನ ತೋಳು ಹಿಡಿದುಕೊಂಡರು.

"ಅವ್ಳು ಏನಂದ್ಲು ಅಂತ ಆಮ್ಯಾಲೆ ನಂಗೆ ವಸಿ ಜೋರಾಗ್ ಯೇಳು."