ನೀಹಾರಿಕೆಗೆ ಸಾಕಷ್ಟು ಬೆಳಕು ಒದಗಿಸುವ ಕುರಿತು

ಬೀದಿದೀಪ ಮತ್ತು ಕತ್ತಲೆ ನಿವಾರಣಾ ಇಲಾಖೆ

ಸಂಖ್ಯೆ: ಬೀದೀ/ಕನಿ/ಆಕಾಶ/೧

ವಿಷಯ: ತಾರಸಿಯಿಂದ ನೀಹಾರಿಕೆಯ ಫೋಟೊ ತೆಗೆಯುವ ಬಗ್ಗೆ.

ಉಲ್ಲೇಖ: ಫೋಟೊ ಸ್ಟುಡಿಯೊ ಮಾಲೀಕಿಯ ಅರ್ಜಿ, ಅದರ ನೆನಪೋಲೆ, ಹಾಗೂ ನೆನಪೋಲೆ ಕಳೆದುಹೋದ ಬಗ್ಗೆ ಕಚೇರಿ ಟಿಪ್ಪಣಿ.

ನೀಹಾರಿಕೆ, ಅಂದರೆ ಆಕಾಶದಲ್ಲಿ ಕೆಂಪು ಹೊಗೆಯಂತೆ ಹರಡಿದೆ ಎನ್ನಲಾದ ವಸ್ತುವಿನ ಫೋಟೊ ತೆಗೆಯಲು, ಮನೆಯೆದುರಿನ ದೀಪವನ್ನು ಒಂದು ರಾತ್ರಿ ಆರಿಸುವಂತೆ ಸದರಿ ಮಾಲೀಕಿಯು ಕೋರಿರುತ್ತಾರೆ. ಜೀವನವಿಡೀ ನೂಲಿಗೆ ಬಣ್ಣ ಹಾಕಿದ ತಮ್ಮ ತಾಯಿಯ ದೃಷ್ಟಿ ಮಸುಕಾಗುತ್ತಿದ್ದು, ಅದು ಪೂರ್ತಿ ಹೋಗುವ ಮುನ್ನ ಆ ಕೆಂಪನ್ನು ಅವರಿಗೆ ತೋರಿಸಬೇಕೆಂಬುದು ಅಹವಾಲು. ಇದನ್ನು ಕೂಲಂಕಷವಾಗಿ ಪರಿಶೀಲಿಸಿ ಕೆಳಕಂಡಂತೆ ಆದೇಶಿಸಲಾಗಿದೆ:

೧. ಇಲಾಖೆಯ ಎಂಜಿನಿಯರರು ತಾರಸಿ ಹತ್ತಿ, ದೀಪದ ಪ್ರಖರತೆಗೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಲಾಗಿ, ಆಕಾಶದಲ್ಲಿ ಏನೂ ಕಂಡುಬಂದಿರುವುದಿಲ್ಲ. ಇದಕ್ಕೆ ಬೆಳಕಿನ ಕೊರತೆಯೇ ಕಾರಣವೆಂದು ತೀರ್ಮಾನಿಸಿ, ಅದೇ ತಾರಸಿಯ ಮೇಲೆ ಆಕಾಶಕ್ಕೆ ಮುಖಮಾಡಿದ ಫ್ಲಡ್‌ಲೈಟ್ ಒಂದನ್ನು ಮಂಜೂರು ಮಾಡಲಾಗಿದೆ. ಅದಕ್ಕೂ ನೀಹಾರಿಕೆ ಕಾಣದಿದ್ದಲ್ಲಿ ಇನ್ನೊಂದನ್ನು ಅಳವಡಿಸತಕ್ಕದ್ದು.

೨. ನೀಹಾರಿಕೆಯು ಇಲಾಖೆಯ ಅನುಮತಿಯಿಲ್ಲದೆ ರಾತ್ರಿಯಿಡೀ ಬೆಳಗುತ್ತಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಸಕ್ರಮಗೊಳ್ಳಲು ಅದು ಎರಡೂ ಕಿವಿ ಕಾಣುವಂಥ ಭಾವಚಿತ್ರದೊಂದಿಗೆ ಖುದ್ದಾಗಿ ಹಾಜರಾಗಬೇಕು. ಸಕ್ರಮಗೊಳ್ಳುವವರೆಗೆ ಅದರ ಭಾವಚಿತ್ರ ತೆಗೆಯುವುದನ್ನು ನಿಷೇಧಿಸಲಾಗಿದೆ.

೩. "ಒಂದು ದೀಪಕ್ಕೆ ಇಷ್ಟೊಂದು ರಂಪಾನಾ? ಗೋಣಿಚೀಲ ಕಟ್ಬಿಡ್ತೀನಿ, ನೀವು ಅಮ್ಮಂಗೆ ಫೋಟೊ ತೋರ್ಸಿ ಅಕ್ಕಾ" ಎಂದು ಹೇಳಿ ಕಂಬ ಹತ್ತಿದ ಲೈನ್‌ಮನ್‌ನನ್ನು ಅಮಾನತಿನಲ್ಲಿಡಲಾಗಿದೆ. ವಶಪಡಿಸಿಕೊಂಡ ಗೋಣಿಚೀಲವನ್ನು ಕಚೇರಿಯ ಕಿಟಕಿಗೆ ಕಟ್ಟಲಾಗಿದೆ. ಬೆಳಕಿನಿಂದ ಸಿಬ್ಬಂದಿಯ ಮಧ್ಯಾಹ್ನದ ನಿದ್ದೆಗೆ ತೊಂದರೆಯಾಗುತ್ತಿತ್ತು.

೪. ಇನ್ನು ಕೆಲವೇ ವಾರಗಳಲ್ಲಿ ನೀಹಾರಿಕೆಯು ಈ ವರ್ಷಕ್ಕೆ ಮರೆಯಾಗುವುದೆಂದು ಅರ್ಜಿದಾರರು ಪದೇ ಪದೇ ಅವಸರಪಡಿಸಿರುತ್ತಾರೆ. ಇಲಾಖೆಯು ಯಾರ ತಾಳಕ್ಕೂ ಕುಣಿಯುವುದಿಲ್ಲ. ಅರ್ಜಿಯನ್ನು ಮುಂದಿನ ವರ್ಷ ಪರಿಗಣಿಸಲಾಗುವುದು. ಅಲ್ಲಿಯವರೆಗೆ ತಾಯಿಯವರು ತಮ್ಮ ದೃಷ್ಟಿಯನ್ನು ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
ಉಪ ನಿರ್ದೇಶಕರ (ಕತ್ತಲೆ) ಪರವಾಗಿ
(ಉಪ ನಿರ್ದೇಶಕರು ನಕ್ಷತ್ರ ನೋಡಲು ಕುಟುಂಬ ಸಮೇತ ಕಾಡಿನ ವಿಶ್ರಾಂತಿಗೃಹಕ್ಕೆ ತೆರಳಿರುತ್ತಾರೆ)

ಪ್ರತಿಗಳು:
ಸ್ಟುಡಿಯೊ ಮಾಲೀಕಿಗೆ, ಫ್ಲಡ್‌ಲೈಟ್ ಬರಮಾಡಿಕೊಳ್ಳಲು.
ನೀಹಾರಿಕೆಗೆ, ವಿಳಾಸ ದೊರೆಯದ ಕಾರಣ ದೀಪಕಂಬಕ್ಕೆ ಅಂಟಿಸಲು.
ತಾಯಿಯವರಿಗೆ, ಸ್ವತಃ ಓದಿ, ಸಹಿ ಮಾಡಿ ಹಿಂದಿರುಗಿಸಲು.